ಕೆಂಪು ದಾರದ ಕಾಜ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಎಂದೋ ಸುತ್ತಿಗೆ ಗುರಿ ತಪ್ಪಿ ಬಿದ್ದ ಪೆಟ್ಟು ಅದು. ಉಗುರು ಬೆಳೆಯುತ್ತಿತ್ತು, ಕತ್ತರಿಸುತ್ತಿದ್ದರು, ಮತ್ತೆ ಬೆಳೆಯುತ್ತಿತ್ತು. ಸೀಳು ಮಾತ್ರ ಪ್ರತಿಸಲವೂ ಬುಡದಿಂದಲೇ ಎದ್ದು ಬರುತ್ತಿತ್ತು. ಅದನ್ನೇ ಅವರು ಹತ್ಯಾರವಾಗಿ ಮಾಡಿಕೊಂಡಿದ್ದರು. ರೆಕ್ಸಿನ್ನನ್ನು ಮೊಣಕಾಲಿನ ಮೇಲೆ ಬಿಗಿಯಾಗಿ ಹಿಡಿದು ಆ ಉಗುರು ಎಳೆದರೆ, ಅಕ್ಕಪಕ್ಕ ಎರಡು ಗೆರೆಗಳು ಮೂಡುತ್ತಿದ್ದವು. ಒಂದು ಗೆರೆಯ ಮೇಲೆ ಕತ್ತರಿ, ಇನ್ನೊಂದರ ಮೇಲೆ ಸೂಜಿ. ಎರಡೂ ಗೆರೆಗಳು ಕೊನೆಯವರೆಗೆ ಒಂದನ್ನೊಂದು ಮುಟ್ಟುತ್ತಿರಲಿಲ್ಲ.

ಸಿಂದಗಿಯಲ್ಲಿ ಇಂಡಿ ರಸ್ತೆಗೆ ಮುಖ ಮಾಡಿದ್ದ ಒಂದು ತಗಡಿನ ಶೆಡ್ಡಿನಲ್ಲಿ ಅವರು ಕಾರುಗಳಿಗೆ ಸೀಟ್ ಕವರು ಹೊಲಿಯುತ್ತಿದ್ದರು. ಹಾಸಿಗೆ, ಮೆತ್ತೆ, ಕೂರುವ ದಿಂಬು ಎಲ್ಲಕ್ಕೂ ನಮ್ಮ ಕಡೆ ಗಾದಿ ಎಂಬುದೊಂದೇ ಮಾತು. ಹಾಗಾಗಿ ಅವರು ಊರಿಗೆಲ್ಲ ಗಾದಿ ಕಾಕಾ. ಮದುವೆಯ ಗಾದಿಗಳಿಂದ ಆರಂಭಿಸಿ, ಟಂಟಂ ಆಟೋಗಳ ಸೀಟುಗಳನ್ನು ದಾಟಿ, ಕಾರುಗಳಿಗೆ ಬಂದು ನಿಂತವರು. ಯಾರದೇ ಕಾರಿನೊಳಗೆ ಕಾಲಿಡುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಮಾಲೀಕನ ಹೆಸರು ಕೇಳುತ್ತಿರಲಿಲ್ಲ, ನಂಬರು ನೋಡುತ್ತಿರಲಿಲ್ಲ. ಬಣ್ಣವನ್ನು ಮಾತ್ರ ಮರೆಯುತ್ತಿರಲಿಲ್ಲ. "ಹೊರ್ತಿಯ ಬೂದಿ ಬಣ್ಣದ್ದು, ನಡುವ ಹಳದಿ ಪಟ್ಟಿ. ಅಗರಖೇಡದ ಕರೀದು, ಅಂಚಿಗೆ ಬಿಳಿ ಹೊಲಿಗಿ" ಎಂದು ಹತ್ತು ವರ್ಷದ ಹಿಂದಿನ ಕಾರನ್ನು ನೆನಪಿಸಿಕೊಳ್ಳುತ್ತಿದ್ದರು, ನೆರೆಮನೆಯ ಮಕ್ಕಳನ್ನು ನೆನಪಿಸಿಕೊಳ್ಳುವಂತೆ.

ಅವರೊಡನೆ ನನ್ನ ಪರಿಚಯ ಗಟ್ಟಿಯಾದದ್ದು ಒಂದು ಜಗಳದಿಂದ.

ಅಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಕೂಸಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮುದ್ದೇಬಿಹಾಳದ ಗಂಡನ ಮನೆಗೆ ಕಳಿಸಬೇಕಿತ್ತು. ವಿಶ್ವವಿದ್ಯಾಲಯದಿಂದ ಆಗಷ್ಟೇ ಪದವಿ ಮುಗಿಸಿ ಬಂದಿದ್ದ ನಾನು, ಬೆಳ್ಳಿ ಬಟ್ಟಲು ಕೊಡುವ ಬದಲು ಕೂಸಿಗೆ ಕಾರಿನಲ್ಲಿ ಕೂರುವ ಸೀಟನ್ನೇ ಉಡುಗೊರೆಯಾಗಿ ಕೊಡುತ್ತೇನೆಂದು ಹಟ ಹಿಡಿದೆ. ಸೊಲ್ಲಾಪುರದ ಅಂಗಡಿಯಲ್ಲಿ ಮಾರುವವನು ಬಣ್ಣ ತೋರಿಸಿದ. ನಾನು ಕೂಸಿನ ತೂಕ, ಉದ್ದ ಹೇಳಿ, ಅದಕ್ಕೆ ಹೊಂದುವ, ಹಿಮ್ಮುಖವಾಗಿ ಕಟ್ಟುವ, ಪ್ರಮಾಣದ ಮುದ್ರೆಯಿರುವ ಸೀಟನ್ನು ತಂದೆ. ತಂದು ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಎಳೆದರೆ, ಅದರ ತುದಿಯನ್ನು ಸಿಗಿಸಲು ಬಕಲ್ಲೇ ಇಲ್ಲ. ಎಡಕ್ಕಿಲ್ಲ, ಬಲಕ್ಕಿಲ್ಲ, ನಡುವೆಯೂ ಇಲ್ಲ. ಎಲ್ಲೆಡೆ ಒಂದೇ ಸಮನಾದ, ಹೊಳೆಯುವ ಕರಿ ರೆಕ್ಸಿನ್ನು. ಹೊಲಿದವರು ಗಾದಿ ಕಾಕಾ.

ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿ, ಬಾಗಿಲನ್ನು ದಢಾರನೆ ತೆರೆದೆ.

"ಕಾಕಾ, ಬಕಲ್ ಎಲ್ಲಿ ಒಯ್ದು ಒಗದೀರಿ?"

"ಕಂಪನಿ ಮಾಲು ಒಗೀತೇನೇನವಾ? ತಳಗ ಮಲಗ್ಯಾವ. ಬೆಚ್ಚಗ ಅದಾವ."

"ಯಾಕ ಮುಚ್ಚಿದ್ರಿ?"

"ಮುಚ್ಚರಿ ಅಂತಾರ, ಮುಚ್ಚೇನಿ. ಹಿಂದ ಕುಂತು ಬೆಲ್ಟ್ ಹಾಕ್ಕೊಂಡಾವರನ್ನ ಒಬ್ಬರನ್ನರ ನೋಡೀಯೇನು? ಮೂರು ಮಂದಿ ಜಾಗಾದಾಗ ಐದು ಮಂದಿ ಕುಂಡ್ರತಾರ. ಇದ್ದ ಮೂರು ಬಕಲ್ ಯಾರ್ಯಾರಿಗೆ ಹಂಚಲಿ?"

ಪಕ್ಕದ ಚಹಾ ಅಂಗಡಿಯ ಬೆಂಚಿನಲ್ಲಿದ್ದವರು ನಕ್ಕರು. ಅವರ ನಗೆ ನನ್ನನ್ನು ಉರಿಸಿತು. ಎಲ್ಲಿಯ ಅಪಘಾತದ ವರದಿ ಓದಿದರೂ ಚಾಲಕನ ಅಜಾಗರೂಕತೆ ಎಂಬ ಎರಡು ಪದಗಳಲ್ಲಿ ಪ್ರಕರಣ ಮುಗಿದಿರುತ್ತದೆ. ತಾಯಿಯ ತೊಡೆಯ ಮೇಲಿದ್ದ ಮಗು ಯಾಕೆ ತೊಡೆಯ ಮೇಲಿತ್ತು, ಬೆಲ್ಟು ಎಲ್ಲಿತ್ತು, ಅದನ್ನು ಮುಚ್ಚಿದ್ದು ಯಾರ ಕೈ ಎಂದು ಒಬ್ಬರೂ ಕೇಳಿರುವುದಿಲ್ಲ. ಕೇಳಬೇಕಾದ ಆ ಕೈ ಈಗ ನನ್ನೆದುರೇ ಇತ್ತು.

"ಕೂಸಿನ ಜೀವಕ್ಕ ಅಂತ ಕಂಪನಿಯವರು ಹಾಕಿ ಕೊಟ್ಟದ್ದನ್ನ ನೀವು ಹೂಳಿ, ಮ್ಯಾಲ ಹೊಲಿಗಿ ಹಾಕೀರಿ. ನಾಳೆ ಬ್ರೇಕ್ ಬಿದ್ದಾಗ ಕೂಸು ಹಾರಿದ್ರ ಯಾರು ಜವಾಬ್ದಾರ? ಮುಚ್ಚರಿ ಅಂದಾವರೋ, ಮುಚ್ಚಿದಾವರೋ? ನಾ ಇದನ್ನ ಬರೀತೇನಿ ಕಾಕಾ. ಬಿಡೂದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಬಾಯಿ ತೆರೆದು, "ಯವ್ವಾ, ಆವತ್ತ ನೀ..." ಎಂದರು. ಅಲ್ಲಿಗೇ ನಿಲ್ಲಿಸಿದರು. ಹತ್ಯಾರದ ಡಬ್ಬಿಯಿಂದ ಬ್ಲೇಡು ಎತ್ತಿಕೊಂಡರು.

"ಹೌದು. ಹೊಲದಾಂವ ನಾನು. ಬಿಚ್ಚಾಂವನೂ ನಾನ."

ಅದನ್ನು ನಾನು ನನ್ನ ಗೆಲುವೆಂದೇ ಎಣಿಸಿದೆ.

ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬೆನ್ನಿಗೂ ಸೀಟಿಗೂ ನಡುವಿನ ಸಂದಿಯಲ್ಲಿ ಬೆರಳಾಡಿಸಿ, ಉಗುರಿನಿಂದ ಗೆರೆ ಎಳೆದು ಬ್ಲೇಡು ಇಟ್ಟರು. ಬಕಲ್ಲು ಮೇಲೆದ್ದು ಬಂತು. ಅದರ ಮೇಲಿನ ಕೆಂಪು ಗುಂಡಿ ಷೋರೂಮಿನಿಂದ ಬಂದ ದಿನದಂತೆಯೇ ಹೊಳೆಯುತ್ತಿತ್ತು. ಬೆಲ್ಟಿನ ತುದಿಯನ್ನು ಒಳಗೆ ತಳ್ಳಿದರು. ಟಕ್ ಎಂದಿತು. ಬಿಡಿಸಿ ಮತ್ತೆ ತಳ್ಳಿದರು. ಟಕ್. ಮೂರನೆಯ ಸಲ ಕಿವಿಯನ್ನು ಹತ್ತಿರ ಒಯ್ದರು. ಇಷ್ಟು ವರ್ಷ ಸೀಟು ಹೊಲಿದವರು ಆ ಸದ್ದನ್ನು ಅಂದೇ ಮೊದಲು ಗಮನವಿಟ್ಟು ಕೇಳುತ್ತಿದ್ದರೆಂದು ತೋರಿತು.

ಕತ್ತರಿಸಿದ ಅಂಚು ಹರಿಯದಂತೆ ಅಂಗಿಗೆ ಕಾಜ ಹಾಕುವ ರೀತಿಯಲ್ಲೇ ಸುತ್ತಲೂ ಹೊಲಿದರು. ಗುಂಡಿ ತೂರಿಸುವ ಆ ಸೀಳಿಗೆ ನಮ್ಮಲ್ಲಿ ಕಾಜ ಎನ್ನುತ್ತಾರೆ. ದಾರ ಕೆಂಪು.

"ಕರಿ ಗಾದಿಗೆ ಕರಿ ದಾರ ಹಾಕಬಾರದೇನ್ರಿ ಕಾಕಾ?"

"ಕರೀದು ಹಾಕಿದ್ರ ಮತ್ತ ಕಣ್ಣಿಗೆ ಬೀಳೂದಿಲ್ಲ. ಕೆಂಪು ಇರಲಿ. ಕುಂಡ್ರಾವರಿಗೂ ಕಾಣಲಿ, ನನಗೂ ಕಾಣಲಿ."

ಮರುದಿನ ಅವರೇ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಒಂದು ಪುಟ್ಟ ಗಾದಿ. ನಾಲ್ಕು ಬೆರಳು ದಪ್ಪ. ಒಳಗೆ ಸ್ಪಂಜು, ಮೇಲೆ ಅವರ ಹೆಂಡತಿ ಕಾಕಿಯ ಹಳೆಯ ಇಳಕಲ್ ಸೀರೆಯ ತುಂಡು, ಮೂಲೆಯಲ್ಲಿ ಒಂದು ಗಿಳಿ. "ಎಳೀ ಬೆನ್ನಿನ್ನ ಪ್ಲಾಸ್ಟಿಕಿನ ಮ್ಯಾಲ ಒಗೀತೀರೇನು?" ಎನ್ನುತ್ತ ಅದನ್ನು ಕೂಸಿನ ಸೀಟಿನಲ್ಲಿ ಹಾಸಿದರು. ಸೀಟಿನೊಡನೆ ಬಂದದ್ದನ್ನು ಬಿಟ್ಟು ಬೇರೆ ಯಾವ ಮೆತ್ತೆಯನ್ನೂ ಹಾಕಕೂಡದೆಂದು ಪುಸ್ತಕದಲ್ಲಿ ಬರೆದಿದ್ದನ್ನು ಓದಿ ಹೇಳಿದೆ.

"ಪುಸ್ತಕ ಬರದಾಂವ ಗಾದಿ ಹೊಲದಾನೇನು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಅವರಿಗೇ ಹೊಳೆಯಿತು. ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಹೇಳಿ ಕೂಸಿನ ತೂಕದಷ್ಟು ಜೋಳವನ್ನು ಚೀಲಕ್ಕೆ ತುಂಬಿಸಿದರು. ಚೀಲದ ಬಾಯಿಗೆ ಕೂಸಿನ ಕುಂಚಿಗೆಯನ್ನೂ ತೊಡಿಸಿದರು. ಅದನ್ನು ಗಾದಿಯ ಮೇಲೆ ಕೂರಿಸಿ ಪಟ್ಟಿ ಬಿಗಿದು, ಅಂಗೈಯಿಂದ ಚೀಲವನ್ನು ಹಿಂದಕ್ಕೆ ಜೋರಾಗಿ ಒತ್ತಿದರು. ಗಾದಿ ಅಮುಕಿತು. ಬಿಗಿಯಾಗಿದ್ದ ಪಟ್ಟಿಗಳು ಜೋತುಬಿದ್ದವು. ಅವರ ನಾಲ್ಕೂ ಬೆರಳು ಪಟ್ಟಿಯ ಅಡಿಗೆ ಸಲೀಸಾಗಿ ಹೊಕ್ಕವು.

ಬೆರಳುಗಳನ್ನು ಹೊರತೆಗೆದು ಮತ್ತೊಮ್ಮೆ ತೂರಿಸಿ ನೋಡಿದರು. ಸ್ಪಂಜು ಅಮುಕುವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ನಾಲ್ಕು ತಾಲ್ಲೂಕಿನಲ್ಲಿ ಯಾರಿದ್ದರು? ಅಮುಕಲೆಂದೇ ಅಲ್ಲವೆ ಅವರು ಜೀವಮಾನವೆಲ್ಲ ಹೊಲಿದದ್ದು?

"ಕೈಯಾಗ ಒತ್ತಿದ್ರ ಇಷ್ಟು. ಗಾಡಿ ಒತ್ತಿದ್ರ?" ಎಂದರು. ಗಾದಿಯನ್ನು ತೆಗೆದು ಆಯಿಯ ಕೈಗೆ ಕೊಟ್ಟರು. "ಇದನ್ನ ನೀವು ಮೊಣಕಾಲಿನ ತಳಗ ಇಟ್ಕೋರಿ. ಕೂಸಿಗೆ ಬ್ಯಾಡ."

ಅಷ್ಟಕ್ಕೇ ಬಿಡಲಿಲ್ಲ. ಸಂಶಯ ಒಮ್ಮೆ ಹೊಕ್ಕರೆ ಅದನ್ನು ತಳದವರೆಗೆ ಬಿಚ್ಚಿ ನೋಡುವ ಜಾಯಮಾನ. ಕಾರಿನ ಸೀಟಿಗೆ ತಾವೇ ತುಂಬಿದ್ದ ಹೆಚ್ಚುವರಿ ಸ್ಪಂಜನ್ನೂ ಕೂಸಿನ ಸೀಟು ಇಡುವ ಆ ಒಂದು ಜಾಗದಿಂದ ಕಿತ್ತು ತೆಗೆದರು. ಬೆಲ್ಟು ಹಾಯುವ ಕಡೆ ಕೂಸಿನ ಸೀಟನ್ನು ಹಿಡಿದು ಅಲುಗಿಸಿದರು. ಒಂದು ಬೆರಳಿಗಿಂತ ಹೆಚ್ಚು ಅಲುಗಿದರೆ ಮತ್ತೆ ಬಿಚ್ಚಿ, ಮೊಣಕಾಲೂರಿ ಭಾರ ಹಾಕಿ, ಮತ್ತೆ ಕಟ್ಟಿದರು. ಅದೇ ಹೊತ್ತಿಗೆ ಸಂಬಂಧಿಕರೊಬ್ಬರು, ತಮ್ಮ ಮನೆಯಲ್ಲಿ ಹಳೆಯ ಸೀಟು ಇತ್ತೆಂದೂ ಗಾಡಿ ಪಲ್ಟಿಯಾದಾಗಲೂ ಅದಕ್ಕೆ ಏನೂ ಆಗಿರಲಿಲ್ಲವೆಂದೂ, ಕೇಳಿದ್ದರೆ ಸುಮ್ಮನೆ ಕೊಡುತ್ತಿದ್ದೆನೆಂದೂ ಅಂದರು. ಕಾಕಾ ತಮ್ಮ ಹೆಬ್ಬೆರಳನ್ನು ಅವರ ಮೂಗಿನ ಮುಂದೆ ಹಿಡಿದರು. "ಇದಕ್ಕೂ ಒಂದ ಪೆಟ್ಟು ಬಿದ್ದದ್ದು. ಎಷ್ಟು ವರ್ಷಾತು? ಸೀಳು ಹೋಗೇತೇನು ನೋಡ್ರಿ. ಉಗುರಿಂದು ಮ್ಯಾಲ ಕಾಣತೈತಿ, ಆ ಸೀಟಿಂದು ಒಳಗ ಇರತೈತಿ."

ಕೂಸು ಹೊರಡುವ ದಿನ ಬಂತು. ಆಯಿ ಅಕ್ಕನಿಗೆ ಉಡಿ ತುಂಬಿದಳು. ಕೂಸನ್ನು ದಪ್ಪ ದುಪ್ಪಟಿಯಲ್ಲಿ ಸುತ್ತಿ, ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತೊಡೆಯ ಮೇಲೆ ಕೂಸನ್ನಿಡಬೇಕೆಂದು ಅವಳ ಮನಸ್ಸು. ನಾನು ಅಡ್ಡ ನಿಂತೆ. ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಗಾಳಿಚೀಲವಿದೆ, ಅದು ಬಿಚ್ಚಿಕೊಂಡರೆ ಕೂಸಿಗೇ ಬಡಿಯುತ್ತದೆ, ಕೂಸಿನ ಜಾಗ ಹಿಂದೆ ಎಂದೆ.

ಆಯಿ ಹಿಂದಿನ ಸೀಟಿನೊಳಗೆ ಇಣುಕಿ ನೋಡಿ ಹೌಹಾರಿದಳು. "ಕೂಸಿನ್ನ ಕಳ್ಳನಂಗ ಕಟ್ಟತೀರೇನ? ಅದೂ ಮಾರಿ ಹಿಂದಕ್ಕ ಮಾಡಿ! ಹೊಂಟಾಗ ಮಾರಿ ಹಿಂದಕ್ಕ ಆದ್ರ ಚಲೋ ಅಲ್ಲ. ತಗೀರಿ ಅದನ್ನ."

ಎಳೆಗೂಸಿನ ತಲೆಯ ಭಾರ, ಕತ್ತಿನ ಎಲುಬಿನ ಮೃದುತ್ವ, ಹಿಮ್ಮುಖವಾಗಿದ್ದರೆ ಆಘಾತವನ್ನು ಇಡೀ ಬೆನ್ನು ಹಂಚಿಕೊಳ್ಳುವ ಬಗೆ ಎಲ್ಲವನ್ನೂ ನಾನು ವಿವರಿಸಿದೆ. ನನ್ನ ಒಂದೊಂದು ವಾಕ್ಯಕ್ಕೂ ಆಯಿಯ ತುಟಿ ಇನ್ನಷ್ಟು ಬಿಗಿಯಾಯಿತು. ಪಟ್ಟಿ ನೋಡಲೆಂದು ಬಂದಿದ್ದ ಕಾಕಾ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

"ಆಯಿ," ಎಂದರು, "ತವರು ಬಿಟ್ಟು ಹೋಗೂ ಮುಂದ ಹೆಣ್ಣಮಕ್ಕಳೆಲ್ಲಾ ನಿಮಗ ಬೆನ್ನು ತೋರಿಸಿ ಹೋಗ್ಯಾರ. ನೀವೂ ಹಂಗ ಬಂದೀರಿ. ಇದೊಂದ ನೋಡ್ರಿ, ನಿಮ್ಮ ಮನಿ ಕಾಣೂ ತನಕ ನಿಮ್ಮನ್ನ ನೋಡ್ಕೊಂತ ಹೋಗತೈತಿ."

ಆಯಿ ತಾನೇ ಕೂಸನ್ನೆತ್ತಿ ಸೀಟಿನಲ್ಲಿಟ್ಟಳು. "ದುಪ್ಪಟಿ ಬಿಚ್ಚರಿ. ಮೊದಲ ಪಟ್ಟಿ, ಆಮ್ಯಾಲ ದುಪ್ಪಟಿ" ಎಂದರು ಕಾಕಾ. ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದರು, ಚಿವುಟಲು ಸಿಗಲಿಲ್ಲ. ತಲೆಯಾಡಿಸಿದರು. ಕಾರು ತಾಳಿಕೋಟೆ ರಸ್ತೆಯತ್ತ ತಿರುಗುವವರೆಗೆ ಆಯಿ ಕೈಬೀಸುತ್ತಲೇ ಇದ್ದಳು. ಕೂಸು ನೋಡಿತೋ ಇಲ್ಲವೋ, ಆಯಿಯಂತೂ ನೋಡಿತೆಂದೇ ಸಾಯುವವರೆಗೂ ಹೇಳಿದಳು.

ಇಲ್ಲಿಗೆ ಮುಗಿದಿದ್ದರೆ ಕಾಕಾ ಅವರ ಬಗ್ಗೆ ಬರೆಯಲು ಕೂರುತ್ತಿರಲಿಲ್ಲ. ಮರುವಾರ ಶೆಡ್ಡಿನ ಮುಂದೆ ಹಾಯ್ದಾಗ ಬೀಗ ಬಿದ್ದಿತ್ತು. ಕಾಕಾ ಎಲ್ಲಿ ಎಂದರೆ, ಹೊರ್ತಿಗೆ ಹೋಗಿದ್ದಾರೆ ಎಂದರು ಚಹಾ ಅಂಗಡಿಯವರು. ಅದರ ಮರುವಾರ ಅಗರಖೇಡ. ಆಮೇಲೆ ಹೂವಿನ ಹಿಪ್ಪರಗಿ. ಮೊಪೆಡ್ಡಿನ ಹಿಂದೆ ಹತ್ಯಾರದ ಡಬ್ಬಿ ಕಟ್ಟಿಕೊಂಡು, ತಾವು ಮುಚ್ಚಿದ ಕಾರುಗಳನ್ನು ಬಣ್ಣದ ನೆನಪಿನಿಂದಲೇ ಹುಡುಕಿ ಹೊರಟಿದ್ದರು. ಬೂದಿ ಬಣ್ಣಕ್ಕೆ ಹಳದಿ ಪಟ್ಟಿಯ ಸೀಟು ಯಾರ ಗಾಡಿಯಲ್ಲಿದೆ ಎಂದು ಬಸ್‌ನಿಲ್ದಾಣದಲ್ಲಿ, ಗ್ಯಾರೇಜಿನಲ್ಲಿ ಕೇಳುವುದು. ಸಿಕ್ಕರೆ ಚಪ್ಪಲಿ ಬಿಟ್ಟು ಒಳಹೊಕ್ಕು ಕಾಜ ಹಾಕುವುದು.

ಜನ ಚೇಷ್ಟೆ ಮಾಡಿದರು. "ಕಂಪನಿಯವರು ಗಾಡಿ ವಾಪಸ್ ಕರೀತಾರಂತ, ಗಾದಿ ಕಾಕಾನೂ ಗಾದಿ ವಾಪಸ್ ಕರ್ಯಾಕತ್ತಾನ ನೋಡ್ರಪಾ!" ಕೆಲವರು ಸಿಟ್ಟಾದರು. ಹೊಸ ಸೀಟನ್ನು ಹರಿಯಬೇಡ ಎಂದು ಕೈಹಿಡಿದ ಒಬ್ಬನಿಗೆ ಅವರು ಹೇಳಿದ್ದನ್ನು ನಾನೇ ಕೇಳಿದೆ: "ನಿನ್ನ ಅಂಗಿಗೆ ಐದು ಕಾಜ ಅದಾವ. ಹರಕ ಅಂಗಿ ಹಾಕ್ಕೊಂಡೀಯೇನು?"

ಆ ದಿನಗಳಲ್ಲಿ ನಾನೂ ಸುಮ್ಮನಿರಲಿಲ್ಲ. ಮಕ್ಕಳನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸಬೇಕೆಂಬ ಕಾನೂನು ಇರುವಾಗ ಬಕಲ್ಲು ಮುಚ್ಚುವ ಕವರುಗಳನ್ನು ಮಾರಲು ಬಿಟ್ಟವರು ಯಾರೆಂದು ಸಂಬಂಧಪಟ್ಟ ಕಚೇರಿಗಳಿಗೆ ಅರ್ಜಿ ಹಾಕಿದೆ. ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರ ಬಂತು. ಯಾರ ವ್ಯಾಪ್ತಿಗೆ ಬರುತ್ತದೆಂದು ಕೇಳಿದ ಎರಡನೆಯ ಅರ್ಜಿಗೆ ಉತ್ತರವೇ ಬರಲಿಲ್ಲ. ಕವರು ಮಾರುವವರು ಗಿರಾಕಿಗಳ ಇಷ್ಟವೆಂದರು. ಪತ್ರಿಕೆಯಲ್ಲಿ ಲೇಖನ ಬರೆದೆ. ಅದರಲ್ಲಿ "ಅಜ್ಞಾನದ ಸೂಜಿಯಿಂದ ಮಕ್ಕಳ ಜೀವರಕ್ಷೆಯನ್ನು ಹೊಲಿದು ಮುಚ್ಚುವ ಕೈಗಳು" ಎಂಬ, ಆಗ ನನಗೆ ಬಹಳ ಹಿಡಿಸಿದ್ದ ಒಂದು ವಾಕ್ಯವಿತ್ತು. ಕಾಕಾ ಅದನ್ನು ಕತ್ತರಿಸಿ ಶೆಡ್ಡಿನ ತಗಡಿಗೆ ಅಂಟಿಸಿಕೊಂಡರು. ನನಗೆ ನಾಚಿಕೆಯಾಯಿತು, ಆದರೂ ವಾಕ್ಯ ಸುಳ್ಳಲ್ಲವೆಂದು ಸಮಾಧಾನ ಮಾಡಿಕೊಂಡೆ. ಅರ್ಜಿ ಹೋದ ಕಡೆಗಳಲ್ಲೆಲ್ಲ ತಪ್ಪು ಇನ್ನೊಬ್ಬರದಾಗಿದ್ದ ಆ ವರ್ಷ, ನಂದು ಎಂದವರು ಅವರೊಬ್ಬರೇ.

ಹೋದ ವರ್ಷ ಸೀಗೆ ಹುಣ್ಣಿಮೆಯ ಮುಂಚೆ ಕಾಕಾ ತೀರಿಕೊಂಡರು. ನಾಲ್ಕೇ ದಿನದ ಜ್ವರ. ಮಾತಾಡಿಸಲು ಹೋದ ನನ್ನನ್ನು ಕಾಕಿ ಹತ್ತಿರ ಕೂರಿಸಿಕೊಂಡರು. ದಬ್ಬಣ, ಕೆಂಪು ದಾರದ ಉಂಡೆ ಎರಡನ್ನೂ ನನ್ನ ಅಂಗೈಯಲ್ಲಿಟ್ಟರು.

"ಒಂದು ಉಳದೈತಿ ಅಂತಿದ್ರು. ಬೆಲ್ಲದ ಬಣ್ಣದ್ದು, ಕೈ ಬದಲಾಗಿ ಎಲ್ಲೆಲ್ಲೋ ಹೋಗೇತಂತ. ನಿನಗ ಕೊಡು ಅಂದ್ರು."

"ನನಗ್ಯಾಕ ಕಾಕಿ? ನಾ ಅವರನ್ನ ಮಂದಿ ಮುಂದ ಬೈದಾಕಿ."

ಕಾಕಿ ಸೆರಗಿನಿಂದ ಮೂಗೊರಸಿಕೊಂಡು, ಅಷ್ಟು ದುಃಖದಲ್ಲೂ ಸಣ್ಣಗೆ ನಕ್ಕರು.

"ಬೈದ ದಿನಾ ಮನಿಗೆ ಬಂದು ಹೇಳಿದ್ರು. ನಿಮ್ಮ ಗಾಡಿಗೆ ಗಾದಿ ಹೊಲಿಯೂ ಮುಂದ ನೀ ಕಾಲೇಜಿಗೆ ಹೋಗಾಕಿ. ‘ಕಾಕಾ, ಬಕಲ್ ಚುಚ್ಚತಾವ, ಕಾಣದಂಗ ಮಾಡಿಬಿಡ್ರಿ’ ಅಂತ ನೀನ ಹೇಳಿದ್ದಿ ಅಂತ. ಹಂಗಾದ್ರ ಹೇಳಬೇಕಿಲ್ಲೇನ್ರಿ ಆಕಿಗೆ ಅಂದೆ ನಾನು."

"ಏನಂದ್ರು?"

"‘ಹೇಳಿದ್ರ ಆ ಹುಡುಗಿ ಸುಮ್ಮನಾಗತೈತಿ. ಅದು ಸುಮ್ಮನಾಗಬಾರದು’ ಅಂದ್ರು."

ಆ ಅರ್ಧಕ್ಕೆ ನಿಂತ ಮಾತು ಆಗ ಪೂರ್ತಿಯಾಯಿತು. ಯವ್ವಾ, ಆವತ್ತ ನೀ... ನೆನಪು ತಟ್ಟನೆ ಮರಳಲಿಲ್ಲ. ತೊಡೆಯ ಬದಿಗೆ ಒತ್ತುತ್ತಿದ್ದ ಗಟ್ಟಿ ಪ್ಲಾಸ್ಟಿಕ್ಕು ಮೊದಲು ನೆನಪಾಯಿತು, ಆಮೇಲೆ ನನ್ನದೇ ರಾಗ. ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಾಗಿದ್ದ ಮನುಷ್ಯ, ನನ್ನ ಪ್ರಶ್ನೆ ಬದುಕಿರಲೆಂದು ಆ ಮಾತನ್ನೇ ನುಂಗಿದ್ದರು.

ಬೆಲ್ಲದ ಬಣ್ಣದ ಸೀಟಿನ ಕಾರನ್ನು ನಾನು ಮೊದಲು ನನ್ನ ದಾರಿಯಲ್ಲೇ, ಕಾಗದದ ಮೂಲಕ, ಹುಡುಕಿದೆ. ನಂಬರಿಲ್ಲದ ಕಾರಿಗೆ ಯಾವ ಕಾಗದ? ಕಡೆಗೆ ಅವರ ದಾರಿಗೇ ಬಂದೆ. ಇಂಡಿಯ ಗ್ಯಾರೇಜುಗಳಲ್ಲಿ, ಬಸ್‌ನಿಲ್ದಾಣದ ಬಾಡಿಗೆ ಗಾಡಿಗಳ ಸಾಲಿನಲ್ಲಿ ಬಣ್ಣ ಹೇಳಿ ಕೇಳುತ್ತ ಹೋದೆ. ಮೂರು ತಿಂಗಳಾದ ಮೇಲೆ ಬಸವನ ಬಾಗೇವಾಡಿಯ ಒಂದು ಮನೆಯ ಅಂಗಳದಲ್ಲಿ ಅದು ಸಿಕ್ಕಿತು. ಬಣ್ಣ ಮಾಸಿತ್ತು, ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಬಾಗಿಲಲ್ಲಿ ಒಬ್ಬ ತಾಯಿ, ಸೊಂಟದ ಮೇಲೆ ವರ್ಷ ತುಂಬದ ಮಗಳು.

ಬಂದ ಕಾರಣ ಹೇಳಿದೆ. "ಕೂಸಿನ ಸೀಟು ನಮ್ಮಲ್ಲೂ ಐತ್ರಿ," ಎಂದಳು ಆಕೆ. "ನಮ್ಮ ಅಣ್ಣ ಹೊಸಾದು ಕೊಡಿಸ್ಯಾನ. ಕಟ್ಟಾಕ ಜಾಗಾನ ಇಲ್ಲ ಅಂತ ಅಲಮಾರಿ ಮ್ಯಾಲ ಇಟ್ಟೇವಿ. ಗೊಂಬಿ ಕುಂತಾವ ಅದರಾಗ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಸೀಳಿದ ಉಗುರು ನನಗಿಲ್ಲ, ಪೆನ್ನಿನಿಂದ ಗೆರೆ ಎಳೆದೆ. ಬ್ಲೇಡು ಇಟ್ಟು ಸೀಳಿದೆ. ಕೆಂಪು ದಾರದ ನನ್ನ ಹೊಲಿಗೆ ಸೊಟ್ಟಸೊಟ್ಟಾಗಿ ಓಡಿತು. ಕಾಕಾ ನೋಡಿದ್ದರೆ ಬಿಚ್ಚಿ ಮತ್ತೆ ಹಾಕಿಸುತ್ತಿದ್ದರು. ಬಕಲ್ಲು ಮಾತ್ರ ಹೊರಬಂತು. ಆಕೆ ಗೊಂಬೆಗಳನ್ನು ಇಳಿಸಿ ಸೀಟನ್ನು ತಂದಳು. ಅದರ ಅಂಚಿನಲ್ಲಿ ಬರೆದಿದ್ದ ತೂಕವನ್ನೂ ಅವಧಿಯನ್ನೂ ಇಬ್ಬರೂ ಓದಿದೆವು, ಹಿಮ್ಮುಖವಾಗಿಟ್ಟೆವು, ಬೆಲ್ಟು ಹಾಯಿಸಿದೆವು.

"ಇಷ್ಟು ದಿನಾ ಇದನ್ನ ಮುಚ್ಚಿಟ್ಟಾವರು ಯಾರ್ರೀ?" ಎಂದು ಆಕೆ ಸಿಟ್ಟಿನಿಂದಲೇ ಕೇಳಿದಳು. ಕೇಳಬೇಕಾದ ಪ್ರಶ್ನೆ. ನಾವೆಲ್ಲರೂ ಎನ್ನಬಹುದಿತ್ತು, ಆದರೆ ಎಲ್ಲರೂ ಎಂದಾಗ ಯಾರೂ ಅಲ್ಲವೆಂದೇ ಅರ್ಥವಾಗುವುದನ್ನು ಕಚೇರಿಗಳ ಉತ್ತರಗಳಲ್ಲಿ ಓದಿದ್ದೇನೆ.

"ಅವರೊಳಗ ನಾನೂ ಒಬ್ಬಾಕಿ," ಎಂದೆ.

ಆಕೆ ನನ್ನನ್ನೊಮ್ಮೆ ನೋಡಿ, ಬೆಲ್ಟಿನ ತುದಿಯನ್ನು ಕೆಂಪು ಕಾಜದೊಳಗಿನ ಬಕಲ್ಲಿಗೆ ತಳ್ಳಿದಳು. ನಾನು ಕಿವಿಯನ್ನು ಹತ್ತಿರ ಒಯ್ದೆ.

ಟಕ್.